ಬರದ ನಾಡಿನ ನೆರೆ ಮತ್ತು ನಮ್ಮ ಮನೆಗಳ ವಿಮೆ

ಕೂಡ್ಲಿಗಿ ತಾಲೂಕಿನ ಕಾನಹೊಸಹಳ್ಳಿಯ ಓದುಗರೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ವೃತ್ತಿಯಲ್ಲಿ ಅವರು ದರ್ಜಿ. ಬಡ್ಡಿಯ ಸಾಲಕ್ಕೆ ಹೆದರಿ ಬ್ಯಾಂಕಿನ ಮೆಟ್ಟಿಲು ಹತ್ತದೆ, ಇಪ್ಪತ್ತು ವರ್ಷಗಳ ಉಳಿತಾಯಕ್ಕೆ ಹೆಂಡತಿಯ ಬಂಗಾರ ಮಾರಿದ ಹಣ ಸೇರಿಸಿ, ಮನೆಯೊಂದನ್ನು ಕಟ್ಟಿಸಿದ್ದಾರೆ. ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದೆ ವಾಸ, ಹಿತ್ತಲಿನಾಚೆ ಹಳ್ಳ. ಹೊಸಪೇಟೆಯಲ್ಲಿ ನೌಕರಿಯಲ್ಲಿರುವ ಮಗ, "ಅಬ್ಬಾ, ಮನೆಗೆ ವಿಮೆ ಮಾಡಿಸೋಣ, ನೆರೆ ಬಂದರೂ ಪರಿಹಾರ ಸಿಗುತ್ತದೆ" ಎಂದು ಒತ್ತಾಯಿಸುತ್ತಿದ್ದಾನಂತೆ. ತಂದೆಗೆ ಎರಡು ಸಂಶಯ. ಒಂದು, ವಿಮೆ ಹರಾಮ್ ಅಲ್ಲವೇ? ಇನ್ನೊಂದು, ಕುಡಿಯುವ ನೀರಿಗೇ ಬರವಿರುವ ನಮ್ಮ ಸೀಮೆಗೆ ನೆರೆ ಎಲ್ಲಿಂದ ಬರಬೇಕು?

ಪತ್ರ ಒಬ್ಬರದಾದರೂ ಪ್ರಶ್ನೆ ಸಾವಿರಾರು ಕುಟುಂಬಗಳದು. ಆದ್ದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇವೆ. ಎರಡನೆಯ ಸಂಶಯವನ್ನು ಮೊದಲು ಎತ್ತಿಕೊಳ್ಳೋಣ.

2009ರಲ್ಲಿ ದೇಶವು 1972ರ ನಂತರದ ಅತ್ಯಂತ ದುರ್ಬಲ ಮುಂಗಾರನ್ನು ಕಂಡಿತು. ಆ ಮಳೆಗಾಲದ ನಡುವೆ ಉತ್ತರ ಕರ್ನಾಟಕದಲ್ಲಿ ಕೇಳಿಬರುತ್ತಿದ್ದುದು ಬರದ ಮಾತು, ಮೇವಿನ ಮಾತು. ಸೆಪ್ಟೆಂಬರ್ ಕೊನೆಯ ಎರಡು ದಿನ ಮತ್ತು ಅಕ್ಟೋಬರ್ ಮೊದಲ ಎರಡು ದಿನಗಳಲ್ಲಿ ಸುರಿದ ಮಳೆ ಎಲ್ಲವನ್ನೂ ತಲೆಕೆಳಗು ಮಾಡಿತು. ಬಿಜಾಪುರ, ಬಾಗಲಕೋಟೆ, ರಾಯಚೂರು, ಬಳ್ಳಾರಿಯಂತಹ ಒಣ ಜಿಲ್ಲೆಗಳಲ್ಲೇ ಊರಿಗೆ ಊರೇ ಮುಳುಗಿತು. ತುಂಗಭದ್ರೆಯ ದಂಡೆಯ ಸಿರುಗುಪ್ಪದ ಹಳ್ಳಿಗಳು ನೀರಿನಲ್ಲಿ ನಿಂತವು, ಮಂತ್ರಾಲಯ ಜಲಾವೃತವಾಯಿತು, ಕರ್ನೂಲು ನಗರಕ್ಕೇ ನೀರು ನುಗ್ಗಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಬಿದ್ದ ಮನೆಗಳನ್ನು ಲಕ್ಷಗಳಲ್ಲಿ ಎಣಿಸಬೇಕಾಯಿತು.

ಈ ಮನೆಗಳೆಲ್ಲ ನದಿ ಕೊಚ್ಚಿಕೊಂಡು ಹೋದವುಗಳಲ್ಲ ಎಂಬುದನ್ನು ಗಮನಿಸಬೇಕು. ನದಿಯನ್ನೇ ಕಾಣದ ಊರುಗಳಲ್ಲೂ ಮನೆಗಳು ಕುಸಿದವು. ಕಲ್ಲು-ಮಣ್ಣಿನ ಗೋಡೆ, ಮೇಲೆ ಮಣ್ಣು ಹಾಸಿದ ಮಾಳಿಗೆ ನಮ್ಮ ಬಯಲುಸೀಮೆಯ ಮನೆಗಳ ರೀತಿ. ಬಿಸಿಲಿಗೆ ಇಷ್ಟು ತಂಪಾದ ಮನೆ ಬೇರೊಂದಿಲ್ಲ. ಆದರೆ ಮೂರು ದಿನ ಬಿಡದೆ ಮಳೆ ಹಿಡಿದರೆ ಮಾಳಿಗೆಯ ಮಣ್ಣು ನೀರು ಕುಡಿದು ತೂಕವಾಗುತ್ತದೆ, ಗೋಡೆಯ ಬುಡ ನೆನೆದು ಮೆತ್ತಗಾಗುತ್ತದೆ, ರಾತ್ರೋರಾತ್ರಿ ತೊಲೆ ಜಾರುತ್ತದೆ. ಹೂವಿನ ಹಡಗಲಿ, ಹರಪನಹಳ್ಳಿಯ ನದಿ ದಂಡೆಯವರಿಗೆ ತುಂಗಭದ್ರೆಯ ಭಯವಾದರೆ ಕೂಡ್ಲಿಗಿ, ಕೊಟ್ಟೂರಿನವರಿಗೆ ಹಳ್ಳದ, ಕೆರೆಕೋಡಿಯ ಮತ್ತು ತಮ್ಮದೇ ಮಾಳಿಗೆಯ ಭಯ. 2022ರ ಸೆಪ್ಟೆಂಬರ್‌ನಲ್ಲಿ ನೆರೆಯ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಹರಿಯಿತು. ಎಂಬತ್ತೊಂಬತ್ತು ವರ್ಷ ಹರಿಯದ ಕೋಡಿ ಇನ್ನು ಹರಿಯಲಾರದು ಎಂದು ಅದರ ಕೆಳಗೆ ಜಾಗ ಕೊಂಡವರು ಎಷ್ಟು ಮಂದಿಯೋ! ಬರದ ನಾಡಿನಲ್ಲಿ ನೆರೆ ಅಪರೂಪ ನಿಜ. ಅಪರೂಪವಾದ್ದರಿಂದಲೇ ಜನ ಹಳ್ಳದ ಪಾತ್ರದಲ್ಲೂ ಕೆರೆಯಂಗಳದಲ್ಲೂ ಮನೆ ಕಟ್ಟುತ್ತಾರೆ, ಪಂಚಾಯತಿಗಳೂ ಕಂಡೂ ಕಾಣದಂತಿರುತ್ತವೆ. ನಮ್ಮ ಊರುಗಳಲ್ಲಿ ಅಗ್ಗದ ನಿವೇಶನ ಸಿಗುವುದು ತಗ್ಗಿನಲ್ಲಿ. ಅಲ್ಲಿ ವಾಸಿಸುವವರಲ್ಲಿ ನಮ್ಮವರ ಸಂಖ್ಯೆ ಕಡಿಮೆಯೇನಲ್ಲ.

"ನೆರೆ ಬಂದರೆ ಸರಕಾರ ಇದೆಯಲ್ಲ" ಎನ್ನುವವರಿದ್ದಾರೆ. ಇದೆ. ಆದರೆ ಸರಕಾರದ ಪರಿಹಾರ ದಯೆಯೇ ಹೊರತು ಕರಾರಲ್ಲ. 2009ರಲ್ಲಿ ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ವೈಮಾನಿಕ ಸಮೀಕ್ಷೆಯ ನಂತರ ರಾಜ್ಯಕ್ಕೆ 1,000 ಕೋಟಿ ರೂಪಾಯಿಯ ತುರ್ತು ನೆರವು ಘೋಷಿಸಿದರು. ರಾಜ್ಯದ ನಷ್ಟದ ಲೆಕ್ಕ ಅದರ ಎಷ್ಟೋ ಪಟ್ಟು ಇತ್ತು. ಯಡಿಯೂರಪ್ಪನವರು ಬೀದಿಯಲ್ಲಿ ನಡೆದು ದೇಣಿಗೆ ಎತ್ತಿದರು. ದಾನಿಗಳ ಹೆಗಲಿನ ಮೇಲೆ 'ಆಸರೆ' ಯೋಜನೆ ನಿಂತಿತು. ಮನೆಗಳು ಎದ್ದವು, ಅದನ್ನು ಅಲ್ಲಗಳೆಯಲಾಗದು. ಆದರೆ ಹೊಲದಿಂದ ದೂರವೆಂದೋ ಸೌಕರ್ಯ ಇಲ್ಲವೆಂದೋ ಎಷ್ಟೋ ಕಡೆ ಜನ ಅಲ್ಲಿಗೆ ಹೋಗಲೇ ಇಲ್ಲ. ಮತ್ತೆ 2019ರ ಆಗಸ್ಟ್‌ನಲ್ಲಿ ನೆರೆ ಬಂದಾಗ ಪೂರ್ಣ ಬಿದ್ದ ಪಕ್ಕಾ ಮನೆಗೆ ಕೇಂದ್ರದ ಮಾನದಂಡದ ಮೊತ್ತ 95,100 ರೂಪಾಯಿ ಮಾತ್ರ. ರಾಜ್ಯ ಸರಕಾರ ತನ್ನ ಕೈಯಿಂದ ಸೇರಿಸಿ 5 ಲಕ್ಷ ಕೊಡುವುದಾಗಿ ಘೋಷಿಸಿತು. ಮುಂದೆ ಆ ಮೊತ್ತವೂ ಸರಕಾರಗಳು ಬದಲಾದಂತೆ ಬದಲಾಯಿತು. 2022ರಲ್ಲಿ ಪರಿಷ್ಕರಿಸಿದ ಕೇಂದ್ರದ ಮಾನದಂಡವು ಬಯಲುಸೀಮೆಯ ಪೂರ್ಣ ಬಿದ್ದ ಮನೆಗೆ ನಿಗದಿ ಮಾಡಿದ್ದು 1.20 ಲಕ್ಷ. ಇಂದಿನ ಸಿಮೆಂಟು, ಕಬ್ಬಿಣ, ಗಾರೆ ಕೂಲಿಯ ದರದಲ್ಲಿ ಇಷ್ಟು ಹಣಕ್ಕೆ ಏಳುವುದು ಒಂದು ಕೋಣೆ. ಅದೂ ಸಮೀಕ್ಷೆಗೆ ಬಂದ ಅಧಿಕಾರಿ ಮನೆ 'ಪೂರ್ಣ' ಬಿದ್ದಿದೆಯೆಂದು ಬರೆದುಕೊಂಡರೆ. 'ಭಾಗಶಃ' ಎಂದು ಬರೆದನೋ, ಕೈಗೆ ಬರುವುದು ಸಾವಿರಗಳ ಲೆಕ್ಕ. ವಿಮೆಯ ಪಾಲಿಸಿಯಾದರೋ ಎರಡು ಪಕ್ಷಗಳ ಕರಾರು. ಹಣ ಕೊಡದಿದ್ದರೆ ಕೇಳುವ ಹಕ್ಕು ನಿಮಗಿರುತ್ತದೆ.

ಈಗ ಮೊದಲ ಸಂಶಯ. ಇದನ್ನು ಹಗುರವಾಗಿ ತಳ್ಳಿಹಾಕುವವರ ಸಾಲಿಗೆ ನಾವು ಸೇರಿಲ್ಲ. ವಿಮೆಯ ಚರ್ಚೆ ಫಿಕ್ಹ್‌ನಲ್ಲಿ ಹೊಸತೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲೇ ದಮಾಸ್ಕಸ್‌ನ ಹನಫಿ ವಿದ್ವಾಂಸ ಇಬ್ನು ಆಬಿದೀನ್ ಯುರೋಪಿನ ವರ್ತಕರ ಹಡಗು ವಿಮೆಯನ್ನು ಪರಿಶೀಲಿಸಿ ಅದನ್ನು ಒಪ್ಪದೆ ಬರೆದಿದ್ದರು. 1961ರಲ್ಲಿ ಅದೇ ದಮಾಸ್ಕಸ್‌ನಲ್ಲಿ ಸೇರಿದ ಫಿಕ್ಹ್ ಸಮ್ಮೇಳನದಲ್ಲಿ ಮುಸ್ತಫಾ ಝರ್ಕಾ ವಿಮೆ ಸಮ್ಮತವೆಂದು ವಾದಿಸಿದರೆ ಅಬೂ ಝಹ್ರಾ ಅದನ್ನು ಬಲವಾಗಿ ವಿರೋಧಿಸಿದರು. 1985ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು, ನಿಗದಿತ ಕಂತಿನ ವಾಣಿಜ್ಯ ವಿಮೆಯಲ್ಲಿ ಕರಾರನ್ನೇ ಕೆಡಿಸುವಷ್ಟು ಅನಿಶ್ಚಿತತೆ, ಅಂದರೆ ಗರರ್ ಇದೆ, ಆದ್ದರಿಂದ ಅದು ನಿಷಿದ್ಧ. ಪರಸ್ಪರ ನೆರವಿನ ಸಹಕಾರಿ ವಿಮೆ ಸಮ್ಮತ ಎಂದು ತೀರ್ಮಾನಿಸಿತು. ಈ ಸಹಕಾರಿ ವಿಮೆಯೇ ತಕಾಫುಲ್. 1979ರಲ್ಲಿ ಸುಡಾನ್‌ನಲ್ಲಿ ಅದರ ಮೊದಲ ಕಂಪೆನಿ ಆರಂಭವಾಯಿತು. ಮಲೇಷ್ಯಾ 1984ರಲ್ಲೇ ಅದಕ್ಕೆ ಕಾಯ್ದೆ ಮಾಡಿತು.

ನಮ್ಮ ದೇಶದಲ್ಲಿ ತಕಾಫುಲ್ ಕಂಪೆನಿ ಒಂದೂ ಇಲ್ಲ. ಹಾಗಾದರೆ ಇಲ್ಲಿನ ಮುಸ್ಲಿಮರು ಏನು ಮಾಡಬೇಕು? ಇದಕ್ಕೂ ಉತ್ತರ ಬಂದಿದೆ. 1965ರಲ್ಲಿ ಲಕ್ನೋದ ನದ್ವತುಲ್ ಉಲಮಾದ ಆಶ್ರಯದಲ್ಲಿ ಸೇರಿದ ವಿದ್ವಾಂಸರು ಅನಿವಾರ್ಯತೆಯ ಆಧಾರದಲ್ಲಿ ವಿಮೆಗೆ ಅವಕಾಶವಿದೆಯೆಂದರು. ಖಾಝಿ ಮುಜಾಹಿದುಲ್ ಇಸ್ಲಾಮ್ ಖಾಸಿಮಿ ಸ್ಥಾಪಿಸಿದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಇಂಡಿಯಾ 1990ರ ದಶಕದ ಆರಂಭದಲ್ಲಿ, ಕೋಮುಗಲಭೆಗಳಲ್ಲಿ ಮುಸ್ಲಿಮರ ಮನೆ-ಅಂಗಡಿಗಳು ಉರಿಯುತ್ತಿದ್ದ ದಿನಗಳಲ್ಲಿ, ಈ ದೇಶದ ಪರಿಸ್ಥಿತಿಯನ್ನು ಮುಂದಿಟ್ಟು ಪ್ರಾಣ ಮತ್ತು ಸೊತ್ತಿನ ವಿಮೆಗೆ ಅನುಮತಿ ನೀಡಿತು. ಇದನ್ನು ಒಪ್ಪದ ಮುಫ್ತಿಗಳಿದ್ದಾರೆ. ಕಟ್ಟಿದ ಕಂತಿಗಿಂತ ಹೆಚ್ಚು ಬಂದ ಹಣವನ್ನು ಪುಣ್ಯದ ಅಪೇಕ್ಷೆಯಿಲ್ಲದೆ ಬಡವರಿಗೆ ಹಂಚಬೇಕೆನ್ನುವವರೂ ಇದ್ದಾರೆ. ನಮ್ಮ ಅಭಿಪ್ರಾಯವನ್ನು ಯಾರೂ ಫತ್ವಾ ಎಂದು ತಿಳಿಯಬೇಕಿಲ್ಲ. ಆದರೂ ಒಂದು ವ್ಯತ್ಯಾಸವನ್ನು ಹೇಳದಿರಲಾಗದು. ಜೂಜಾಡುವವನು ಇಲ್ಲದ ಲಾಭವನ್ನು ಬಯಸುತ್ತಾನೆ. ಮನೆಯ ವಿಮೆಯಲ್ಲಿ ಆದ ನಷ್ಟಕ್ಕಿಂತ ಒಂದು ರೂಪಾಯಿ ಹೆಚ್ಚು ಸಿಗುವುದಿಲ್ಲ. ಮನೆ ಬೀಳದಿದ್ದರೆ ಏನೂ ಸಿಗುವುದಿಲ್ಲ. ಕಂತಿನ ಹಣವನ್ನು ಕಂಪೆನಿ ಬಡ್ಡಿಗೆ ತೊಡಗಿಸುತ್ತದೆ ಎಂಬ ಆಕ್ಷೇಪ ಉಳಿಯುತ್ತದೆ, ಹೌದು. ಅನಿವಾರ್ಯತೆಯ ಮಾತು ಬರುವುದು ಅಲ್ಲಿಯೇ.

ತವಕ್ಕುಲ್ ಬಗ್ಗೆ ಮಾತಾಡುವಾಗ ನಮ್ಮ ಖತೀಬರು ಒಂಟೆಯನ್ನು ಮೊದಲು ಕಟ್ಟಿಹಾಕಬೇಕೆಂದ ಪ್ರವಾದಿಯವರ(ಸ) ಉಪದೇಶವನ್ನು ನೆನಪಿಸುತ್ತಾರೆ. ಮಿಂಬರ್‌ನಿಂದ ಇಳಿದ ಮೇಲೆ ಆ ಹಗ್ಗ ಯಾವುದು, ಎಲ್ಲಿ ಸಿಗುತ್ತದೆ ಎಂದು ಹೇಳುವವರು ಮಾತ್ರ ವಿರಳ. ಯೂಸುಫ್(ಅ) ಮುಂದೆ ಬರಲಿದ್ದ ಏಳು ವರ್ಷಗಳ ಬರಕ್ಕಾಗಿ ಸುಭಿಕ್ಷದ ಏಳು ವರ್ಷಗಳಲ್ಲೇ ಧಾನ್ಯ ಕೂಡಿಡಿಸಿದ ವೃತ್ತಾಂತ ಕುರ್‌ಆನ್‌ನಲ್ಲಿದೆ. ಅಲ್ಲಾಹನ ಮೇಲಿನ ಭರವಸೆಗೂ ಮುಂದಾಲೋಚನೆಗೂ ವಿರೋಧವಿದೆಯೆಂದು ಒಬ್ಬ ಪ್ರವಾದಿಗೆ ಅನಿಸಲಿಲ್ಲ.

ಇಲ್ಲೊಂದು ವಿಪರ್ಯಾಸವಿದೆ. ಬ್ಯಾಂಕಿನಿಂದ ಗೃಹಸಾಲ ಪಡೆದವನ ಮನೆಗೆ ಬಹುಪಾಲು ವಿಮೆ ಇರುತ್ತದೆ, ಬ್ಯಾಂಕೇ ಅದನ್ನು ಮಾಡಿಸುತ್ತದೆ. ಎಷ್ಟೋ ಮಂದಿಗೆ ತಾವು ಕಂತು ಕಟ್ಟುತ್ತಿರುವುದೇ ತಿಳಿದಿರುವುದಿಲ್ಲ. ಬಡ್ಡಿಗೆ ಹೆದರಿ ಬಂಗಾರ ಮಾರಿ ಕಟ್ಟಿಸಿದ ನಮ್ಮ ಓದುಗರ ಮನೆಗೆ ಮಾತ್ರ ಯಾವ ರಕ್ಷಣೆಯೂ ಇಲ್ಲ. ಅದು ಬಿದ್ದರೆ ಮರುದಿನ ಅವರು ಹೋಗಬೇಕಾದುದು ಎಲ್ಲಿಗೆ? ಖಾಸಗಿ ಲೇವಾದೇವಿಯವನ ಬಳಿಗೆ, ನೂರಕ್ಕೆ ತಿಂಗಳಿಗೆ ಮೂರೋ ಐದೋ ರೂಪಾಯಿಯ ಬಡ್ಡಿಗೆ. ಬಡ್ಡಿಯಿಂದ ದೂರವಿರುವ ಸಲುವಾಗಿ ವಿಮೆಯನ್ನು ಬಿಟ್ಟವನು ಕೊನೆಗೆ ಬೀಳುವುದು ಬಡ್ಡಿಯ ಅತ್ಯಂತ ಕ್ರೂರ ರೂಪದ ಬಾಯಿಗೆ. ಕಂತಿನ ಸಣ್ಣ ಸಂಶಯವನ್ನು ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇದನ್ನೂ ಇಟ್ಟು ನೋಡಬೇಕೆಂದು ವಿದ್ವಾಂಸರಲ್ಲಿ ನಮ್ಮ ವಿನಂತಿ.

ವಿಮೆ ಮಾಡಿಸುವುದೆಂದು ತೀರ್ಮಾನಿಸಿದ ಮೇಲೆ ಯಾವುದನ್ನು ಆರಿಸಬೇಕು? ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್‌ನಿಂದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಮನೆ ಪಾಲಿಸಿಯನ್ನು ಜಾರಿಗೆ ತಂದಿತು. ಬೆಂಕಿ, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತಗಳ ಜೊತೆಗೆ ಗಲಭೆಯ ಹಾನಿಯೂ ಅದರಲ್ಲಿ ಸೇರಿದೆ. ಕೊನೆಯದು ನಮ್ಮ ಓದುಗರಿಗೆ ಅಪ್ರಸ್ತುತವೇನಲ್ಲ. ಮನೆಯನ್ನು ಎಷ್ಟು ಮೊತ್ತಕ್ಕೆ ವಿಮೆ ಮಾಡಿಸಬೇಕೆಂಬಲ್ಲೇ ಹೆಚ್ಚಿನವರು ಎಡವುತ್ತಾರೆ. ಮಾರುಕಟ್ಟೆಯ ಬೆಲೆ ಇಲ್ಲಿ ಲೆಕ್ಕಕ್ಕಿಲ್ಲ. ನೆಲವನ್ನು ನೆರೆ ಒಯ್ಯುವುದಿಲ್ಲ. ಅದೇ ಜಾಗದಲ್ಲಿ ಅದೇ ಅಳತೆಯ ಮನೆಯನ್ನು ಮತ್ತೆ ಕಟ್ಟಲು ಎಷ್ಟು ಬೇಕೋ ಅಷ್ಟೇ ಮೊತ್ತ. ಊರಿನ ಗಾರೆ ಮೇಸ್ತ್ರಿಯನ್ನು ಕೇಳಿದರೆ ಚದರಕ್ಕೆ ಎಷ್ಟೆಂದು ಹೇಳುತ್ತಾನೆ. ಸಾಲದ ಮನೆಯಾದರೆ ಬ್ಯಾಂಕ್ ಸಾಲದ ಮೊತ್ತಕ್ಕೆ ಮಾತ್ರ ವಿಮೆ ಮಾಡಿಸಿರಬಹುದು, ಅದನ್ನು ವಿಚಾರಿಸಿಕೊಳ್ಳಿ. ಕಟ್ಟಡಕ್ಕೆ ಈ ಪಾಲಿಸಿ ಮಾಡಿಸಿದರೆ ಒಳಗಿನ ಸಾಮಾನುಗಳಿಗೆ ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ತಾನಾಗಿಯೇ ರಕ್ಷಣೆ ಸಿಗುತ್ತದೆ. ಬಂಗಾರಕ್ಕೆ ಬೇರೆಯಾಗಿ ಹೇಳಬೇಕು. ಮನೆ ವಾಸಕ್ಕೆ ಬಾರದ ತಿಂಗಳುಗಳ ಬಾಡಿಗೆಯೂ ಇದರಲ್ಲಿ ಬರುತ್ತದೆ. ಬಾಡಿಗೆ ಮನೆಯಲ್ಲಿರುವವರು ತಮ್ಮ ಸಾಮಾನುಗಳಿಗಷ್ಟೇ ಮಾಡಿಸಬಹುದು. ಹತ್ತು ವರ್ಷದವರೆಗಿನ ಪಾಲಿಸಿಯೂ ಉಂಟು. ಕಂತು ಎಲ್ಲ ಕಂಪೆನಿಗಳಲ್ಲೂ ಒಂದೇ ಇರುವುದಿಲ್ಲ, ಎರಡು-ಮೂರು ಕಡೆ ಕೇಳಿ ನೋಡುವುದರಿಂದ ನಷ್ಟವಿಲ್ಲ.

ಆದರೆ ನಮ್ಮ ಊರುಗಳಲ್ಲಿ ಮನೆಯೆಂದರೆ ಬರೀ ಮನೆಯಲ್ಲ. ಮುಂದೆ ಕಿರಾಣಿ ಅಂಗಡಿ, ಟೈಲರ್ ಅಂಗಡಿ, ಗುಜರಿ, ಸೈಕಲ್ ರಿಪೇರಿ, ಹಿಂದೆ ಸಂಸಾರ. ಗೃಹ ರಕ್ಷಾ ವಾಸದ ಮನೆಗೆ ಮಾತ್ರ. ಹೊಲಿಗೆ ಯಂತ್ರಗಳು, ಹೊಲಿಯಲು ಬಂದ ಗಿರಾಕಿಗಳ ಬಟ್ಟೆಗಳು, ಅಂಗಡಿಯ ದಾಸ್ತಾನು ಅದರಲ್ಲಿ ಬರುವುದಿಲ್ಲ. ಸಣ್ಣ ವ್ಯಾಪಾರಗಳಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಬೇರೆ ಪಾಲಿಸಿ ಇದೆ. ಅಂಗಡಿಯ ವಿಷಯ ಮುಚ್ಚಿಟ್ಟು ಇಡೀ ಕಟ್ಟಡವನ್ನು ವಾಸದ ಮನೆಯೆಂದು ಬರೆಸಿದರೆ ಕಂತಿನಲ್ಲಿ ಸ್ವಲ್ಪ ಉಳಿಯಬಹುದು. ಪರಿಹಾರ ಕೇಳುವ ದಿನ ಅದೇ ಕಾರಣಕ್ಕೆ ಕಂಪೆನಿ ಕೈಯೆತ್ತಬಹುದು. ವ್ಯವಹಾರದಲ್ಲಿ ಲೋಪವನ್ನು ಮರೆಮಾಚಬಾರದೆಂದು ಕಲಿತ ಸಮುದಾಯಕ್ಕೆ ಇದನ್ನು ಬಿಡಿಸಿ ಹೇಳಬೇಕಾದುದೇ ಬೇಸರದ ಸಂಗತಿ.

ಮಣ್ಣಿನ ಮಾಳಿಗೆಯವರು ಇನ್ನೂ ಎಚ್ಚರದಿಂದಿರಬೇಕು. ಗೋಡೆಯ ತೇವ, ನಿಧಾನದ ಸೋರಿಕೆ, ಹಳೆಯ ಮನೆಯ ಸವಕಳಿಯನ್ನು ಯಾವ ಪಾಲಿಸಿಯೂ ತುಂಬಿಕೊಡುವುದಿಲ್ಲ. ಸತತ ಮಳೆಗೆ ಮಾಳಿಗೆ ಕುಸಿದಾಗ ಸರ್ವೇಯರ್ ಅದನ್ನು ನೆರೆಯೆನ್ನುತ್ತಾನೋ ಸವಕಳಿಯೆನ್ನುತ್ತಾನೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಗೋಡೆ-ಮಾಳಿಗೆ ಯಾವುದರದ್ದು ಎಂಬುದನ್ನು ಅರ್ಜಿಯಲ್ಲೇ ಬರೆಸಿ, ಮಳೆಗೆ ಕುಸಿದರೆ ಪರಿಹಾರ ಇದೆಯೇ ಎಂಬುದಕ್ಕೆ ಲಿಖಿತ ಉತ್ತರ ಪಡೆಯಿರಿ. ಏಜೆಂಟನ ಬಾಯಿಮಾತಿಗೆ ಬೆಲೆಯಿಲ್ಲ. ಹಾನಿಯಾದ ಕೂಡಲೇ ಕಂಪೆನಿಗೆ ತಿಳಿಸಿ, ಫೋಟೊ ತೆಗೆಯುವ ಮುನ್ನ ಒದ್ದೆ ಸಾಮಾನುಗಳನ್ನು ಎಸೆಯದೆ, 30 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಅನ್ಯಾಯವಾಯಿತೆನಿಸಿದರೆ ಮೊದಲು ಕಂಪೆನಿಗೇ ಲಿಖಿತ ದೂರು, ಅಲ್ಲಿ ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರ ಕಚೇರಿ. 50 ಲಕ್ಷದವರೆಗಿನ ತಕರಾರುಗಳನ್ನು ಅಲ್ಲಿ ಶುಲ್ಕವಿಲ್ಲದೆ, ವಕೀಲರಿಲ್ಲದೆ ಕೇಳುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ, ಮನೆಗೆ ಕಾಗದಪತ್ರವೇ ಇಲ್ಲದವರ ಪ್ರಶ್ನೆ ಉಳಿಯುತ್ತದೆ. ಅಜ್ಜನ ಹೆಸರಿನಲ್ಲೇ ಉಳಿದ ಖಾತೆ, ಬರಿಯ ಕರಾರು ಪತ್ರದ ಮೇಲೆ ಕೊಂಡ ನಿವೇಶನ, ಹಕ್ಕುಪತ್ರ ಬಾರದ ಸರಕಾರಿ ಜಾಗ. ಇಂತಹವರು ಸರಕಾರದ ಪರಿಹಾರಕ್ಕೂ ಪರದಾಡಬೇಕು, ವಿಮೆಗೂ ಪರದಾಡಬೇಕು. ಮುಸ್ಲಿಮರ ಬಡಾವಣೆಗಳನ್ನು ಕೆಲವು ಬ್ಯಾಂಕುಗಳು ವ್ಯವಹಾರಕ್ಕೆ ಯೋಗ್ಯವಲ್ಲದ ಪ್ರದೇಶಗಳೆಂದು ಗುರುತು ಮಾಡಿಟ್ಟಿರುವುದನ್ನು ಸಾಚಾರ್ ಸಮಿತಿ 2006ರಲ್ಲೇ ಬಯಲಿಗೆಳೆದಿತ್ತು. ಹೊರಗಿನವರ ತಾರತಮ್ಯವನ್ನು ಖಂಡಿಸೋಣ, ಬೇಡವೆನ್ನುವವರು ಯಾರು? ಆದರೆ ವಾರಸುದಾರರು ಒಟ್ಟಿಗೆ ಕುಳಿತು ಖಾತೆ ಬದಲಾಯಿಸಿಕೊಳ್ಳಲು ತಡೆದವರು ಯಾರು? ತಂದೆ ತೀರಿಕೊಂಡು ಹದಿನೈದು ವರ್ಷವಾದರೂ ಅಕ್ಕ-ತಂಗಿಯರ ಪಾಲು ಕೊಡಬೇಕಾಗುತ್ತದೆಂದು ಮೀರಾಸ್ ಹಂಚದೆ ಕುಳಿತ ಸಹೋದರರು ನಮ್ಮ ಮೊಹಲ್ಲಾಗಳಲ್ಲಿ ಎಷ್ಟಿಲ್ಲ? ಆ ಮನೆ ನೆರೆಯಲ್ಲಿ ಬಿದ್ದರೆ ಪರಿಹಾರಕ್ಕೆ ಸಹಿ ಹಾಕಬೇಕಾದವರು ಯಾರೆಂಬುದೇ ವ್ಯಾಜ್ಯ.

ಜಮಾಅತ್‌ಗಳ ಹೊಣೆಯೂ ಇಲ್ಲಿದೆ. ಆಹಾರ ಕಡಿಮೆಯಾದಾಗ ಇದ್ದುದನ್ನೆಲ್ಲ ಒಂದೇ ಬಟ್ಟೆಯಲ್ಲಿ ಸುರಿದು ಸಮನಾಗಿ ಹಂಚಿಕೊಳ್ಳುತ್ತಿದ್ದ ಅಶ್‌ಅರಿ ಗೋತ್ರದವರನ್ನು ಪ್ರವಾದಿವರ್ಯರು(ಸ) ತಮ್ಮವರೆಂದು ಹೊಗಳಿದ್ದು ಬುಖಾರಿಯಲ್ಲಿ ವರದಿಯಾಗಿದೆ. ತಿಂಗಳಿಗೆ ಇಷ್ಟೆಂದು ಪ್ರತಿ ಮನೆಯಿಂದ ಕೂಡಿಸಿ ನೆರವಿನ ನಿಧಿಯೊಂದನ್ನು ಕಟ್ಟಲು ಅಂಜುಮನ್‌ಗಳಿಗೆ ಸಾಧ್ಯ. ಆದರೆ ಒಂದು ಎಚ್ಚರಿಕೆ: ಒಂದೇ ಮಸೀದಿಯ ಸುತ್ತಲಿನ ಮನೆಗಳೆಲ್ಲ ಒಂದೇ ಹಳ್ಳದ ದಂಡೆಯಲ್ಲಿದ್ದರೆ ನೀರು ಬಂದ ರಾತ್ರಿ ಕೊಡುವವನೂ ಬೇಡುವವನೂ ಒಟ್ಟಿಗೇ ಮುಳುಗುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಜಮಾಅತ್‌ಗಳು ಒಂದಾಗಿ ನಿಧಿ ಮಾಡಿದರೆ ಮಾತ್ರ ಅದು ನಿಲ್ಲುತ್ತದೆ, ಏಕೆಂದರೆ ನದಿಯ ನೆರೆ ಮತ್ತು ಹಳ್ಳದ ನೆರೆ ಒಂದೇ ದಿನ ಬರುವುದು ಅಪರೂಪ. 1938ರ ವಿಮಾ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ಯಾರೂ ವಿಮೆಯ ವ್ಯವಹಾರ ನಡೆಸುವಂತಿಲ್ಲ. ಆದ್ದರಿಂದ ಇಂತಿಷ್ಟು ಕೊಡುತ್ತೇವೆಂದು ವಾಗ್ದಾನ ಮಾಡದೆ ಅದನ್ನು ದಾನದ ನಿಧಿಯಾಗಿಯೇ ಇಟ್ಟುಕೊಳ್ಳಬೇಕು. ಕಂಪೆನಿಗಳು ಒಪ್ಪದ ಮಣ್ಣಿನ ಮನೆಗಳ ವಿಧವೆಯರಿಗೆ, ಕೂಲಿಕಾರರಿಗೆ ಮೊದಲು ಅದು ಸಲ್ಲಲಿ.

ಸರಕಾರ ಮಾಡಬೇಕಾದುದನ್ನು ಪಕ್ಕದ ಕೇರಳ ಮಾಡಿ ತೋರಿಸಿದೆ. 2018ರ ಮಹಾಪ್ರಳಯದಿಂದ ಪಾಠ ಕಲಿತ ಆ ರಾಜ್ಯ 2021ರಲ್ಲಿ 'ಲೈಫ್' ವಸತಿ ಯೋಜನೆಯ ಸುಮಾರು ಎರಡೂವರೆ ಲಕ್ಷ ಮನೆಗಳಿಗೆ ತಲಾ 4 ಲಕ್ಷದವರೆಗಿನ ವಿಮೆ ಮಾಡಿಸಿ, ಮೊದಲ ಮೂರು ವರ್ಷಗಳ ಕಂತನ್ನು ತಾನೇ ಕಟ್ಟಿತು. ಮೂರು ವರ್ಷಕ್ಕೆ ಒಂದು ಮನೆಗೆ ತಗಲಿದ್ದು 349 ರೂಪಾಯಿ. ಬೆಳೆಗೆ ವಿಮೆಯ ಕಂತನ್ನು ಹಂಚಿಕೊಳ್ಳುವ ಸರಕಾರಗಳಿಗೆ ಬಡವನ ಮನೆಗೂ ಹಾಗೆ ಮಾಡಬಹುದೆಂದು ಏಕೆ ಹೊಳೆಯುವುದಿಲ್ಲ? ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ಕಟ್ಟಿಸಿದ ಮನೆಗಳಿಗೆ ಇಂತಹದೊಂದು ವ್ಯವಸ್ಥೆಯನ್ನು ವಿಜಯನಗರ ಜಿಲ್ಲೆಯ ಶಾಸಕರು ಸದನದಲ್ಲಿ ಕೇಳಲಿ. ಇದರಲ್ಲಿ ಜಾತಿ-ಧರ್ಮದ ಪ್ರಶ್ನೆಯಿಲ್ಲ, ಪಕ್ಷದ ಪ್ರಶ್ನೆಯೂ ಇಲ್ಲ.

ಕಾನಹೊಸಹಳ್ಳಿಯ ನಮ್ಮ ಓದುಗರಿಗೆ ಇಷ್ಟು ಹೇಳಬಯಸುತ್ತೇವೆ. ಮಗನ ಮಾತು ಸರಿಯಾಗಿದೆ. ನೀವು ನಂಬುವ ಮುಫ್ತಿಯವರ ಬಳಿ ಈ ಬರಹದೊಂದಿಗೆ ಹೋಗಿ, ಹಿತ್ತಲಿನ ಹಳ್ಳದ ವಿಷಯವನ್ನೂ ಬಂಗಾರ ಮಾರಿದ ವಿಷಯವನ್ನೂ ಹೇಳಿ ಕೇಳಿರಿ. ಅವರು ಒಪ್ಪಿದರೆ ಮನೆಗೊಂದು, ಮುಂದಿನ ಅಂಗಡಿಗೊಂದು ಪಾಲಿಸಿ ಮಾಡಿಸಿ. ಕಾಗದಗಳ ಒಂದು ಪ್ರತಿ ಹೊಸಪೇಟೆಯಲ್ಲಿ ಮಗನ ಬಳಿ ಇರಲಿ. ಮುಂಗಾರಿಗಿಂತ ಮೊದಲೇ ಆದರೆ ಒಳ್ಳೆಯದು. ನಮ್ಮ ಕಡೆ ದೊಡ್ಡ ಮಳೆ ಬರುವುದು ಹೆಚ್ಚಾಗಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಎಂಬುದನ್ನು ನಿಮಗೆ ನಾವು ಹೇಳಿಕೊಡಬೇಕಿಲ್ಲ.